ಹೆಸರಿಡುವ ಸ್ಪರ್ಧೆಗೆ ಲೈಕ್ ಲೆಕ್ಕ ಬೇಡ

ಪ್ರಶ್ನೆ: ನಮ್ಮದು ಬನ್ಸ್, ಗೋಳಿಬಜೆ ಅಂಗಡಿ. ಹೊಸ ತಿಂಡಿಯೊಂದಕ್ಕೆ ಹೆಸರು ಸೂಚಿಸುವ ಸ್ಪರ್ಧೆಯನ್ನು ಇನ್‌ಸ್ಟಾಗ್ರಾಂನಲ್ಲಿ ಇಡೋಣವೆಂದಿದ್ದೇವೆ. ಹೆಚ್ಚು ಲೈಕ್ ಬಿದ್ದ ಹೆಸರಿಗೆ 2,000 ರೂಪಾಯಿ. ಸರಿಯೇ?
– ಓದುಗರು, ಡೊಂಬಿವಲಿ, ಮುಂಬಯಿ

ಉತ್ತರ: ಸ್ಪರ್ಧೆ ಇಡಿ, ಲೈಕ್ ಲೆಕ್ಕ ಬಿಡಿ. ಲೈಕ್ ದುಡ್ಡಿಗೆ ಸಿಗುತ್ತದೆ. ದುಡ್ಡು ಕೊಡದಿದ್ದರೂ ನೆಂಟರಿಷ್ಟರ ವಾಟ್ಸ್‌ಆ್ಯಪ್ ಗುಂಪು ಯಾರದು ದೊಡ್ಡದೋ ಅವರೇ ಗೆಲ್ಲುತ್ತಾರೆ. ಹಾಗೆ ಲೈಕ್ ಒತ್ತಿದವರು ನಿಮ್ಮ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ. 2016ರಲ್ಲಿ ಬ್ರಿಟನ್ನಿನ ಸಂಶೋಧನಾ ಹಡಗೊಂದಕ್ಕೆ ಜನರಿಂದ ಹೆಸರು ಕೇಳಿದಾಗ ಅತಿ ಹೆಚ್ಚು ಮತ ಬಿದ್ದದ್ದು ‘ಬೋಟಿ ಮ್ಯಾಕ್‌ಬೋಟ್‌ಫೇಸ್’ ಎಂಬ ತಮಾಷೆಯ ಹೆಸರಿಗೆ. ಕೊನೆಗೆ ಹಡಗಿಗೆ ಸರ್ ಡೇವಿಡ್ ಅಟೆನ್‌ಬರೋ ಹೆಸರಿಟ್ಟು, ತಮಾಷೆಯ ಹೆಸರನ್ನು ನೀರಿನಡಿ ಓಡುವ ಯಂತ್ರವೊಂದಕ್ಕೆ ಕೊಟ್ಟರು. ಕೊನೆಯ ಮಾತು ನಿಮ್ಮ ಕೈಲಿರಬೇಕು, ಹಾಗೆಂದು ಮೊದಲೇ ಬರೆದಿರಬೇಕು.

ಅಲ್ಲಿನದೇ ವಾಕರ್ಸ್ ಚಿಪ್ಸ್ ಕಂಪನಿ 2008ರಲ್ಲಿ ಜನರಿಂದ ಹೊಸ ರುಚಿ ಕೇಳಿ, ಬಂದದ್ದರಲ್ಲಿ ಆರನ್ನು ಆರಿಸಿ, ಅಂಗಡಿಗಳಲ್ಲಿ ಮಾರಿ, ಆಮೇಲೆ ಮತ ಹಾಕಿಸಿತು. (ಆ ಆರರಲ್ಲಿ ಈರುಳ್ಳಿ ಬಜೆ ರುಚಿಯೂ ಇತ್ತು. ಪಾಪ, ಗೆಲ್ಲಲಿಲ್ಲ.) ನಿಮಗೂ ಇದೇ ದಾರಿ. ತಿಂಡಿ ಮುರಿದು ಒಳಗಿನದು ಕಾಣುವಂತೆ ಒಂದು ಫೋಟೊ, ಅದರಲ್ಲೇನಿದೆ ಎಂದು ಒಂದು ಸಾಲು, ಕೇಳಿಕೆಯೂ ಒಂದೇ: ಕನ್ನಡ, ತುಳು ಅಥವಾ ಕೊಂಕಣಿಯಲ್ಲಿ ಎರಡು ಪದದೊಳಗಿನ ಹೆಸರು, ಕಮೆಂಟಿನಲ್ಲಿ. ವಿಡಿಯೊ ಮಾಡಿ ಕಳಿಸಿ ಎಂದರೆ ಜನ ಅಲ್ಲೇ ಜಾರಿಕೊಳ್ಳುತ್ತಾರೆ. ಒಂದು ವಾರ ಸಾಕು; ತಿಂಗಳು ಕೊಟ್ಟರೆ ನಾಳೆ ಬರೆದರಾಯಿತೆಂದು ಮರೆಯುತ್ತಾರೆ. ಮುಗಿಯುವ ದಿನ, ಗಂಟೆ ಎರಡನ್ನೂ ಹಾಕಿ. ಒಂದೇ ಹೆಸರನ್ನು ಇಬ್ಬರು ಬರೆದರೆ ಮೊದಲು ಬರೆದವರಿಗೆ ಎಂದೂ ಸೇರಿಸಿ, ಜಗಳ ಹುಟ್ಟುವುದೇ ಅಲ್ಲಿ. ಮೊದಲ ಕಮೆಂಟ್ ಬರೆಯಲು ಎಲ್ಲರಿಗೂ ಸಂಕೋಚ, ಆದ್ದರಿಂದ ನಿತ್ಯದ ಗಿರಾಕಿಗಳಲ್ಲಿ ನಾಲ್ಕೈದು ಮಂದಿಗೆ ಹೇಳಿಟ್ಟಿರಿ.

ನೀವು ಆರಿಸಿದ ಮೂರು ಹೆಸರನ್ನು ಮೂರು ಗಾಜಿನ ಭರಣಿಗಳಿಗೆ ಅಂಟಿಸಿ ಗಲ್ಲಾದ ಬಳಿ ಇಡಿ. ಬಂದವರ ಕೈಗೆ ಒಂದೊಂದು ಹುಣಸೆ ಬೀಜ ಕೊಡಿ, ಬೇಕಾದ ಭರಣಿಗೆ ಹಾಕಲಿ. ರಾತ್ರಿ ಬಾಗಿಲು ಹಾಕುವಾಗ ಭರಣಿಗಳ ಫೋಟೊ ಹಾಕಿದರೆ ಮರುದಿನದ ಪೋಸ್ಟೂ ಆಯಿತು. ಬಹುಮಾನಕ್ಕೆ ನಗದಿಗಿಂತ ಮೆನು ಬೋರ್ಡಿನಲ್ಲಿ ಗೆದ್ದವರ ಹೆಸರು ಹೆಚ್ಚು ಕೆಲಸ ಮಾಡುತ್ತದೆ. ಈ ಸ್ಪರ್ಧೆಗೂ ಇನ್‌ಸ್ಟಾಗ್ರಾಂಗೂ ಸಂಬಂಧವಿಲ್ಲವೆಂಬ ಸಾಲು ಕಡ್ಡಾಯ. ಫೇಸ್‌ಬುಕ್‌ನಲ್ಲೂ ಹಾಕುವುದಾದರೆ, ಶೇರ್ ಮಾಡಿದವರಿಗೆ ಮಾತ್ರ ಪ್ರವೇಶ ಎಂಬ ಷರತ್ತು ಅಲ್ಲಿನ ನಿಯಮಕ್ಕೆ ವಿರುದ್ಧ.

ಪ್ರಶ್ನೆ: ನಮ್ಮ ಇಳಕಲ್ ಸೀರೆ ಉಟ್ಟ ಫೋಟೊ ಹಾಕಿ ಗಿರಾಕಿಗಳು ಅಂಗಡಿಯನ್ನು ಟ್ಯಾಗ್ ಮಾಡುತ್ತಾರೆ. ದಸರೆಯ ಫ್ಲೆಕ್ಸಿಗೆ ಬಳಸಬಹುದೇ?
– ಓದುಗರು, ಪುಣೆ

ಉತ್ತರ: ಕೇಳದೆ ಬೇಡ. ಟ್ಯಾಗ್ ಮಾಡಿದರೆ ಅನುಮತಿ ಕೊಟ್ಟಂತಲ್ಲ. ಫೋಟೊದ ಹಕ್ಕು ತೆಗೆದವರದು, ಮುಖ ಉಟ್ಟವರದು. ನಿಮ್ಮದಾಗಿದ್ದದ್ದು ಸೀರೆ, ಅದನ್ನೂ ಮಾರಿಯಾಯಿತು. ಯಾವ ಫೋಟೊ, ಎಲ್ಲೆಲ್ಲಿ, ಯಾವ ದಿನದವರೆಗೆ ಎಂದು ಬರೆದು ಇಬ್ಬರಿಂದಲೂ ಒಪ್ಪಿಗೆ ಪಡೆದು ಇಟ್ಟುಕೊಳ್ಳಿ. ಮಕ್ಕಳಿದ್ದರೆ ತಂದೆ ಅಥವಾ ತಾಯಿಯ ಒಪ್ಪಿಗೆ ಬೇಕು. ವಾಟ್ಸ್‌ಆ್ಯಪ್‌ನಲ್ಲಿ ಫೋಟೊವನ್ನು ‘ಡಾಕ್ಯುಮೆಂಟ್’ ಆಗಿ ಕಳಿಸಲು ಹೇಳಿ; ಮಾಮೂಲಿಯಾಗಿ ಕಳಿಸಿದರೆ ಫೈಲ್ ಕುಗ್ಗಿ, ಫ್ಲೆಕ್ಸಿನಲ್ಲಿ ಅಂಚಿನ ಕಸೂತಿಯೆಲ್ಲ ಕಲಸಿಹೋಗುತ್ತದೆ. ಸೀರೆ ಪುಕ್ಕಟೆ ಕೊಟ್ಟು ಹಾಕಿಸಿದ ಪೋಸ್ಟಾದರೆ ಅದರಲ್ಲಿ ‘ಜಾಹೀರಾತು’ ಎಂದು ಕಾಣುವಂತೆ ಇರಬೇಕು.

ಪ್ರಶ್ನೆ: ಖಾನಾವಳಿಯ ಮೇಜುಗಳಿಗೆ ಅಂಟಿಸಿದ ಕ್ಯುಆರ್ ಕೋಡನ್ನು ಯಾರೂ ಸ್ಕ್ಯಾನ್ ಮಾಡುತ್ತಿಲ್ಲ. ಏಕೆ?
– ಓದುಗರು, ಮಡಗಾಂವ್, ಗೋವಾ

ಉತ್ತರ: ಮೊದಲು ಅಳತೆ ನೋಡಿ. ನೋಡುವ ದೂರದ ಹತ್ತನೇ ಒಂದರಷ್ಟು ಅಗಲ ಬೇಕು: ಮೇಜಿಗೆ 4 ಸೆಂ.ಮೀ. ಸಾಕು, ಎರಡು ಮೀಟರ್ ದೂರದ ಗೋಡೆಗೆ 20 ಸೆಂ.ಮೀ. ಸುತ್ತ ಬಿಳಿ ಅಂಚು ಬಿಟ್ಟಿರಬೇಕು. ಮಿರುಗುವ ಲ್ಯಾಮಿನೇಷನ್ನಿಗೆ ಟ್ಯೂಬ್‌ಲೈಟ್ ಹೊಳೆದರೂ ಕ್ಯಾಮೆರಾ ಓದುವುದಿಲ್ಲ, ಹೊಳಪಿಲ್ಲದ (ಮ್ಯಾಟ್) ಲ್ಯಾಮಿನೇಷನ್ ಹಾಕಿಸಿ. ಇಷ್ಟೆಲ್ಲ ಸರಿಯಿದ್ದೂ ಸ್ಕ್ಯಾನ್ ಆಗದಿದ್ದರೆ ಪಕ್ಕದ ಬರಹವೇ ಸಪ್ಪೆ. ‘ಸ್ಕ್ಯಾನ್ ಮಾಡಿ’ ಎಂದರೆ ಯಾಕೆ ಮಾಡಬೇಕು? ‘ಶುಕ್ರವಾರ ಬಂಗುಡೆ ಮೀನೋ ಕಾಣೆ ಮೀನೋ? ಮತ ಹಾಕಿ’ ಎಂದು ಬರೆಯಿರಿ. ತೆರೆದ ಪುಟದಲ್ಲಿ ಎರಡು ಬಟನ್ ಇದ್ದರೆ ಸಾಕು. ಹೆಸರು, ಮೊಬೈಲ್ ನಂಬರ್ ಕೇಳಿದಿರೋ, ಅನ್ನ ಬರುವ ಮೊದಲೇ ಫೋನ್ ಜೇಬಿಗೆ.