ಮಂಡ್ಯದಲ್ಲಿ ಕುಡಿತ ಬಿಡುವವರ ಸಭೆ: ಗುರುತು ಸಿಕ್ಕೀತೆಂಬ ಅಳುಕಿನ ಬಗ್ಗೆ

ಮಾನ್ಯರೇ, ಕುಡಿತ ಬಿಡಲು ಮನಸ್ಸು ಮಾಡಿರುವ ನಿಮ್ಮ ತಮ್ಮ, ಮಂಡ್ಯದಲ್ಲಿ ಸಭೆಗೆ ಹೋದರೆ ಪರಿಚಯದವರು ಕಂಡಾರೆಂದು ಹಿಂಜರಿಯುತ್ತಿರುವುದಾಗಿ ಬರೆದಿದ್ದೀರಿ. ದಿನವೂ ಹೆಚ್ಚು ಕುಡಿಯುತ್ತಿದ್ದವರು ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನಗಳಲ್ಲೇ ಕೈನಡುಕ, ಫಿಟ್ಸ್, ಭ್ರಮೆ ಕಾಣಿಸಿಕೊಂಡು ಪ್ರಾಣಕ್ಕೇ ಅಪಾಯವಾಗಬಹುದಾದ್ದರಿಂದ, ದಯವಿಟ್ಟು ಅವರನ್ನು ಮೊದಲು ಮಂಡ್ಯದ ಸರ್ಕಾರಿ ಮಿಮ್ಸ್ ಆಸ್ಪತ್ರೆಯ ಮನೋವೈದ್ಯರ ಬಳಿ ಕರೆದೊಯ್ಯಿರಿ. ಹತ್ತಿರದ ಸಭೆಗಳ ಬಗ್ಗೆಯೂ ಅಲ್ಲಿಯೇ ವಿಚಾರಿಸಿ. 14446 ಎಂಬ ಉಚಿತ ಸಹಾಯವಾಣಿಗೂ ಕರೆ ಮಾಡಬಹುದು.

ಕುಡಿತ ಬಿಡುವವರೇ ಸೇರಿ ನಡೆಸುವ ಈ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳಿಗೆ ಶುಲ್ಕವಿಲ್ಲ, ಪೂರ್ತಿ ಹೆಸರನ್ನೂ ಹೇಳಬೇಕಾಗಿಲ್ಲ; ಕುಡಿತ ಬಿಡಬೇಕೆಂಬ ಇಚ್ಛೆಯೊಂದೇ ಅರ್ಹತೆ. ಬಂದವರು ಒಬ್ಬೊಬ್ಬರಾಗಿ ತಮ್ಮ ಅನುಭವ ಹೇಳಿಕೊಳ್ಳುತ್ತಾರೆ. ತಮ್ಮ ಸರದಿ ಬಂದಾಗ ನಿಮ್ಮ ತಮ್ಮ, "ಇವತ್ತು ಕೇಳಿಸಿಕೊಳ್ಳುತ್ತೇನೆ" ಎಂದಷ್ಟೇ ಹೇಳಿದರೂ ಯಾರೂ ಒತ್ತಾಯಿಸದೆ ಮಾತು ಮುಂದಿನವರಿಗೆ ಸಾಗುತ್ತದೆ. ಅಲ್ಲಿ ಗುರುತಿನವರು ಸಿಕ್ಕರೂ ಅವರೂ ಅದೇ ಕಾರಣಕ್ಕೆ ಬಂದಿರುತ್ತಾರೆ ಎಂಬುದನ್ನು ನಿಮ್ಮ ತಮ್ಮನಿಗೆ ನಿಧಾನವಾಗಿ ತಿಳಿಸಿ ಹೇಳಿ. ಅಷ್ಟಾದರೂ ಮುಜುಗರ ಹೋಗದಿದ್ದರೆ ಮೊದಲ ಕೆಲವು ವಾರ ರೈಲಿನಲ್ಲಿ ಮೈಸೂರಿನ ಸಭೆಗೆ ಹೋಗಿಬರಲಿ. ಧರ್ಮಸ್ಥಳ ಯೋಜನೆಯ ಮದ್ಯವರ್ಜನ ಶಿಬಿರಗಳೂ ಇವೆ, ಆದರೆ ಅವು ಊರಿನವರ ಎದುರೇ ನಡೆಯುವುದರಿಂದ ನಿಮ್ಮ ತಮ್ಮನ ಸ್ವಭಾವಕ್ಕೆ ಸಭೆಯೇ ಮೇಲೆಂದು ನನ್ನ ಅಭಿಪ್ರಾಯ. ಮನೆಯವರಿಗಾಗಿ ಅಲ್-ಅನಾನ್ ಎಂಬ ಪ್ರತ್ಯೇಕ ಸಭೆಗಳಿವೆ. ನೀವೂ ಒಮ್ಮೆ ಹೋಗಿ ಕುಳಿತುಕೊಳ್ಳಿ.