ಅಪ್‌ಗ್ರೇಡ್ ಆದಮೇಲೆ ಡಿಸ್ಕ್ ಕಾಣ್ತಿಲ್ವಾ? ಮೊದಲು ಕರ್ನಲ್ ನೋಡಿ

ಪ್ರಶ್ನೆ: ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ನನ್ನದೊಂದು ಫೋಟೊ ಸ್ಟುಡಿಯೊ ಇದೆ. ಎಂಟು ವರ್ಷದ ಮದುವೆ, ನಾಮಕರಣ, ಗೃಹಪ್ರವೇಶದ ಫೋಟೊಗಳೆಲ್ಲ 4 ಟಿಬಿಯ ಎರಡು ಡಿಸ್ಕ್‌ಗಳಲ್ಲಿವೆ. ಝಡ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಂನಲ್ಲಿ ಮಿರರ್ ಮಾಡಿಟ್ಟಿದ್ದೇನೆ, ಅಂದರೆ ಎರಡರಲ್ಲೂ ಅದೇ ಫೋಟೊಗಳು. ಕಳೆದ ಭಾನುವಾರ ಡೆಬಿಯನ್ ಲಿನಕ್ಸ್ 12ರಿಂದ 13ಕ್ಕೆ ಅಪ್‌ಗ್ರೇಡ್ ಮಾಡಿದೆ. ರೀಸ್ಟಾರ್ಟ್ ಆದಮೇಲೆ ಫೋಟೊ ಫೋಲ್ಡರ್ ಖಾಲಿ! ಝಡ್‌ಪೂಲ್ ಸ್ಟೇಟಸ್ ಕೊಟ್ಟರೆ ಝಡ್‌ಎಫ್‌ಎಸ್ ಮಾಡ್ಯೂಲ್ ಲೋಡ್ ಆಗಿಲ್ಲ ಅನ್ನುತ್ತದೆ. ಪರಿಚಯದವರೊಬ್ಬರು ಡಿಸ್ಕ್ ಫಾರ್ಮ್ಯಾಟ್ ಮಾಡಿ ರಿಕವರಿ ಸಾಫ್ಟ್‌ವೇರ್ ಹಾಕೋಣ ಅಂತಿದ್ದಾರೆ. ಮಾಡ್ಯೂಲ್‌ಗಳನ್ನು ನೋಡಿಕೊಳ್ಳುವ ಡಿಕೆಎಂಎಸ್‌ನ ಸ್ಟೇಟಸ್ ಫೋಟೊ ಕಳಿಸಿದ್ದೇನೆ. ಏನು ಮಾಡಲಿ?

ಉತ್ತರ: ಫಾರ್ಮ್ಯಾಟ್ ಬೇಡ. ಖಂಡಿತ ಬೇಡ. ರಿಕವರಿ ಸಾಫ್ಟ್‌ವೇರ್ ಕೂಡ ಬೇಡ. ನಿಮ್ಮ ಫೋಟೊಗಳು ಇದ್ದಲ್ಲೇ ಇವೆ. ಧೈರ್ಯಕ್ಕೆ ಬೇಕಾದರೆ ಟರ್ಮಿನಲ್‌ನಲ್ಲಿ ಎಲ್‌ಎಸ್‌ಬಿಎಲ್‌ಕೆ -ಎಫ್ ಅಂತ ಕೊಟ್ಟು ನೋಡಿ. ಆ ಎರಡು ಡಿಸ್ಕ್‌ಗಳ ಎದುರು 'ಝಡ್‌ಎಫ್‌ಎಸ್ ಮೆಂಬರ್' ಎಂದು ಕಂಡರೆ ಒಳಗಿನ ಗುರುತು ಹಾಗೇ ಇದೆ ಎಂದರ್ಥ. ಡಿಸ್ಕ್ ಕೆಟ್ಟಿಲ್ಲ. ಅದನ್ನು ಓದಬೇಕಾದ ಮಾಡ್ಯೂಲ್, ಅಂದರೆ ಕರ್ನಲ್‌ಗೆ ಸೇರಿಸುವ ತುಣುಕು, ಹೊಸ ಕರ್ನಲ್‌ಗೆ (ಲಿನಕ್ಸ್‌ನ ತಿರುಳಿಗೆ) ಸಿಕ್ಕಿಲ್ಲ, ಅಷ್ಟೇ.

ಇನ್ನೊಂದು ಮಾತು, ಈಗಲೇ ಹೇಳಿಬಿಡುತ್ತೇನೆ. ಆ ಖಾಲಿ ಫೋಲ್ಡರ್‌ಗೆ ಹೊಸ ಫೋಟೊ ಹಾಕಬೇಡಿ. ಪೂಲ್ (ಆ ಎರಡು ಡಿಸ್ಕ್ ಸೇರಿದ ಸಂಗ್ರಹ) ಮೌಂಟ್ ಆಗದೆ, ಅಂದರೆ ಫೋಲ್ಡರ್‌ಗೆ ಜೋಡಣೆಯಾಗದೆ ಇರುವಾಗ ಅಲ್ಲಿ ಹಾಕಿದ್ದೆಲ್ಲ ಸಿಸ್ಟಂ ಡಿಸ್ಕ್‌ಗೆ ಹೋಗಿ ಕೂರುತ್ತದೆ. ನಾಳೆ ಪೂಲ್ ಬಂದು ಅದರ ಮೇಲೆ ಮೌಂಟ್ ಆದಾಗ ಹೊಸ ಫೋಟೊಗಳು ಅದರಡಿ ಮುಚ್ಚಿಹೋಗುತ್ತವೆ. ಆಗ ಮತ್ತೆ ಅದೇ ಗಾಬರಿ.

ಈಗ ನೀವು ಕಳಿಸಿದ ಫೋಟೊಗೆ ಬರೋಣ. ಅದರಲ್ಲಿ ಇರುವುದು ಒಂದೇ ಸಾಲು. ಝಡ್‌ಎಫ್‌ಎಸ್ 2.3.2, ಪಕ್ಕದಲ್ಲಿ 6.1 ಕರ್ನಲ್‌ನ ಹೆಸರು, ಕೊನೆಯಲ್ಲಿ 'ಇನ್‌ಸ್ಟಾಲ್ಡ್'. ಆದರೆ ಡೆಬಿಯನ್ 13ರ ಕರ್ನಲ್ 6.12. ನಿಮ್ಮ ಕಂಪ್ಯೂಟರ್ ಈಗ ಬೂಟ್ ಆಗುತ್ತಿರುವುದು ಅದರಲ್ಲೇ. ಯುನೇಮ್ -ಆರ್ ಕೊಟ್ಟರೆ ನಿಮಗೇ ಕಾಣುತ್ತದೆ. 6.12ಕ್ಕೆ ಒಂದು ಸಾಲೂ ಇಲ್ಲ, ಅಲ್ವಾ? ನಿಮ್ಮ ತೊಂದರೆ ಅಲ್ಲೇ ಇದೆ.

ಇದು ಯಾಕೆ ಹೀಗಾಗುತ್ತದೆ ಅಂತ ತಿಳಿದಿದ್ದರೆ ಮುಂದಿನ ಸಲ ಭಯ ಆಗಲ್ಲ. ಎಕ್ಸ್‌ಟಿ4, ಎಕ್ಸ್‌ಎಫ್‌ಎಸ್, ಬಿಟಿಆರ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಂಗಳೆಲ್ಲ ಕರ್ನಲ್‌ನ ಮನೆಯವರೇ. ಕರ್ನಲ್ ಬದಲಾದರೆ ಜೊತೆಗೇ ಬದಲಾಗಿ ಬರುತ್ತವೆ. ಝಡ್‌ಎಫ್‌ಎಸ್ ಹೊರಗಿನದು. ಸನ್ ಮೈಕ್ರೋಸಿಸ್ಟಮ್ಸ್ 2005ರಲ್ಲಿ ಅದರ ಸೋರ್ಸ್ ಬಿಟ್ಟುಕೊಟ್ಟಿದ್ದು ಸಿಡಿಡಿಎಲ್ ಎಂಬ ಲೈಸೆನ್ಸ್‌ನಲ್ಲಿ. ಲಿನಕ್ಸ್ ಕರ್ನಲ್‌ನದು ಜಿಪಿಎಲ್ 2. ಎರಡೂ ಕೂಡಿ ಬರುವುದಿಲ್ಲವೆಂದು ಝಡ್‌ಎಫ್‌ಎಸ್ ಇವತ್ತಿಗೂ ಕರ್ನಲ್ ಒಳಗೆ ಸೇರಿಲ್ಲ. ಅದಕ್ಕೇ ಡೆಬಿಯನ್‌ನಲ್ಲಿ ಪ್ರತಿ ಕರ್ನಲ್‌ಗೂ ಆ ಮಾಡ್ಯೂಲನ್ನು ನಿಮ್ಮ ಕಂಪ್ಯೂಟರ್‌ನಲ್ಲೇ ಹೊಸದಾಗಿ ಕಂಪೈಲ್ ಮಾಡಬೇಕು. ಆ ಕೆಲಸ ಮಾಡುವುದು ಡಿಕೆಎಂಎಸ್.

ಪೇಟೆಯಲ್ಲಿ ಬೀಗದ ಕೈ ಮಾಡಿಕೊಡುವವರನ್ನು ನೆನೆಸಿಕೊಳ್ಳಿ. ಬೀಗ ಬದಲಾದರೆ ಹಳೆಯ ಕೈ ನಡೆಯಲ್ಲ, ಹೊಸದು ಕೊರೆಸಬೇಕು. ಕೊರೆಯುವವರು ಇದ್ದರೆ ಸಾಲದು, ಹೊಸ ಬೀಗದ ಅಳತೆಯೂ ಬೇಕು. ಇಲ್ಲಿ ಆ ಅಳತೆ ಅಂದರೆ ಕರ್ನಲ್ ಹೆಡರ್ಸ್. ನೀವು ಹಿಂದೆ ಝಡ್‌ಎಫ್‌ಎಸ್ ಹಾಕುವಾಗ 6.1ರ ಹೆಡರ್ಸ್ ಪ್ಯಾಕೇಜನ್ನು ಅದರ ನಂಬರ್ ಸಮೇತ ಹಾಕಿರಬೇಕು. ತುಂಬಾ ಜನ ಹಾಗೇ ಮಾಡುತ್ತಾರೆ. ಅದು ಆ ಒಂದು ಕರ್ನಲ್‌ಗೆ ಮಾತ್ರ. ಹೊಸ ಕರ್ನಲ್ ಬಂತು, ಅದರ ಹೆಡರ್ಸ್ ಬರಲಿಲ್ಲ. ಡಿಕೆಎಂಎಸ್ ಸುಮ್ನೆ ಕೈಕಟ್ಟಿ ಕೂತಿತು. ಅಪ್‌ಗ್ರೇಡ್ ಹೊತ್ತಿನಲ್ಲಿ ಹರಿದುಹೋದ ಸಾವಿರಾರು ಸಾಲುಗಳ ನಡುವೆ ಒಂದು ಎಚ್ಚರಿಕೆ ಬಂದಿದ್ದರೂ ಅದನ್ನು ಯಾರು ನೋಡುತ್ತಾರೆ?

ಆಲ್ಬಂ ಕೆಲಸ ನಿಲ್ಲಬಾರದು ಅಂದರೆ ಇವತ್ತೇ ಹೀಗೆ ಮಾಡಿ. ರೀಸ್ಟಾರ್ಟ್ ಕೊಟ್ಟು, ಬೂಟ್ ಆಗುವಾಗ ಕರ್ನಲ್ ಆರಿಸುವ ಗ್ರಬ್ ಮೆನು ಬಂದಾಗ ಎರಡನೇ ಸಾಲು 'ಅಡ್ವಾನ್ಸ್ಡ್ ಆಪ್ಷನ್ಸ್' ಒಳಗೆ ಹೋಗಿ. ಹಳೆಯ 6.1 ಅಲ್ಲೇ ಇರುತ್ತದೆ. ಅದನ್ನು ಆರಿಸಿ. ಅದಕ್ಕೆ ಮಾಡ್ಯೂಲ್ ಇದೆ ಅಂತ ನಿಮ್ಮ ಫೋಟೊವೇ ಹೇಳುತ್ತಿದೆ. ಪೂಲ್ ಬರಬೇಕು. ತಾನಾಗಿ ಬರದಿದ್ದರೆ ಝಡ್‌ಪೂಲ್ ಇಂಪೋರ್ಟ್ ಅಂತಷ್ಟೇ ಕೊಡಿ, ಪೂಲ್‌ನ ಹೆಸರು ತೋರಿಸುತ್ತದೆ. ಆ ಹೆಸರು ಸೇರಿಸಿ ಮತ್ತೊಮ್ಮೆ ಕೊಡಿ. ಬಂದ ತಕ್ಷಣ ಬೇರೆ ಏನನ್ನೂ ಮುಟ್ಟದೆ, ಬೇರೊಂದು ಡಿಸ್ಕ್‌ಗೆ ಎಲ್ಲ ಕಾಪಿ ಮಾಡಿ. ಮಿರರ್ ಇದೆಯಲ್ಲ ಅನ್ನಬೇಡಿ. ಮಿರರ್ ಒಂದು ಡಿಸ್ಕ್ ಸತ್ತರೆ ಕಾಪಾಡುತ್ತದೆ. ತಪ್ಪಾಗಿ ಅಳಿಸಿದರೆ ಎರಡೂ ಕಡೆ ಅಳಿಯುತ್ತದೆ.

ಕಾಪಿ ಆದಮೇಲೆ ರಿಪೇರಿ. ಲಿನಕ್ಸ್-ಹೆಡರ್ಸ್-ಎಎಂಡಿ64 ಎಂಬ ಪ್ಯಾಕೇಜ್ ಹಾಕಿ, ನಂಬರ್ ಇಲ್ಲದ್ದು. ಇದು ಯಾವ ಕರ್ನಲ್ ಬಂದರೂ ಅದರ ಹೆಡರ್ಸನ್ನು ಜೊತೆಗೇ ಎಳೆದು ತರುತ್ತದೆ. ಹೆಡರ್ಸ್ ಬಂದೊಡನೆ ಡಿಕೆಎಂಎಸ್ ತಾನೇ ಕಂಪೈಲ್ ಶುರು ಮಾಡುತ್ತದೆ. ಹಳೆಯ ಮಷಿನ್ ಆದರೆ ಹೊತ್ತು ಹಿಡಿಯುತ್ತದೆ, ಮಧ್ಯೆ ಆಫ್ ಮಾಡಬೇಡಿ. ಮುಗಿದ ಮೇಲೆ ಡಿಕೆಎಂಎಸ್ ಸ್ಟೇಟಸ್‌ನಲ್ಲಿ 6.12ರ ಸಾಲು ಕಾಣಬೇಕು. ಅದು ಕಂಡಮೇಲೆಯೇ ಹೊಸ ಕರ್ನಲ್‌ಗೆ ಹೋಗಿ. ಕಂಪೈಲ್ ಫೇಲ್ ಆದರೆ ವಾರ್-ಲಿಬ್-ಡಿಕೆಎಂಎಸ್ ಫೋಲ್ಡರ್ ಒಳಗೆ ಝಡ್‌ಎಫ್‌ಎಸ್‌ನ ಬಿಲ್ಡ್ ಲಾಗ್ ಇರುತ್ತದೆ. ಅದರಲ್ಲಿ ಮೊದಲು ಬಂದ ಎರರ್ ನೋಡಿ, ಕೊನೆಯದಲ್ಲ. ಕೊನೆಯ ಸಾಲುಗಳು ಬರೀ ಅದರ ಪರಿಣಾಮ.

ಮಾಡ್ಯೂಲ್ ಇದ್ದೂ 'ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್' ಅಂತ ಬಂದರೆ ಅದು ಸೆಕ್ಯೂರ್ ಬೂಟ್‌ನ ಕೆಲಸ. ನಿಮ್ಮ ಮನೆಯಲ್ಲೇ ಕಂಪೈಲ್ ಆದ ಮಾಡ್ಯೂಲ್‌ನ ಸಹಿಯನ್ನು ಕಂಪ್ಯೂಟರ್ ನಂಬುತ್ತಿಲ್ಲ. ಡಿಕೆಎಂಎಸ್ ಫೋಲ್ಡರ್‌ನಲ್ಲಿರುವ ಪಬ್ಲಿಕ್ ಕೀಯನ್ನು ಮೋಕ್‌ಯುಟಿಲ್ ಎಂಬ ಪ್ರೋಗ್ರಾಂನಿಂದ ಇಂಪೋರ್ಟ್ ಮಾಡಿ ಒಂದು ಪಾಸ್‌ವರ್ಡ್ ಕೊಡಿ. ರೀಸ್ಟಾರ್ಟ್ ಆಗುವಾಗ ನೀಲಿ ಪರದೆ ಬರುತ್ತದೆ. ವೈರಸ್ ಅಂತ ಹೆದರಬೇಡಿ. ಅಲ್ಲಿ ಕೆಲವೇ ಸೆಕೆಂಡಿನಲ್ಲಿ ಒಂದು ಕೀ ಒತ್ತಬೇಕು, ಇಲ್ಲದಿದ್ದರೆ ಮುಂದೆ ಹೋಗಿಬಿಡುತ್ತದೆ. 'ಎನ್‌ರೋಲ್ ಮೋಕ್' ಆರಿಸಿ ಅದೇ ಪಾಸ್‌ವರ್ಡ್ ಹಾಕಿ.

ಎಲ್ಲ ಸರಿಹೋದ ಮೇಲೆ ಝಡ್‌ಪೂಲ್ ಸ್ಟೇಟಸ್‌ನಲ್ಲಿ ಕೆಲವು ಹೊಸ ಫೀಚರ್‌ಗಳು ಆನ್ ಆಗಿಲ್ಲ ಎಂಬ ಸಾಲು ಕಾಣುತ್ತದೆ, ಜೊತೆಗೆ ಝಡ್‌ಪೂಲ್ ಅಪ್‌ಗ್ರೇಡ್ ಮಾಡಿ ಎಂಬ ಸಲಹೆ. ಅದು ಎರರ್ ಅಲ್ಲ. ಒಂದೆರಡು ತಿಂಗಳು ಅದನ್ನು ಮುಟ್ಟಬೇಡಿ. ಹೊಸ ಫೀಚರ್ ಒಮ್ಮೆ ಆನ್ ಆಗಿ ಬಳಕೆಗೆ ಬಂದರೆ ಡೆಬಿಯನ್ 12ರಲ್ಲಿದ್ದ ಹಳೆಯ ಝಡ್‌ಎಫ್‌ಎಸ್ ಈ ಪೂಲನ್ನು ತೆರೆಯದೇ ಹೋಗಬಹುದು. ವಾಪಸ್ ಹೋಗುವ ದಾರಿಯನ್ನು ನಾವೇ ಯಾಕೆ ಮುಚ್ಚಬೇಕು?

ಫಾರ್ಮ್ಯಾಟ್ ಅಂತ ಓದಿದಾಗ ನನಗೆ ಎದೆ ಝಲ್ ಅಂದಿದ್ದು ಸುಳ್ಳಲ್ಲ. ಹಿಂದೊಮ್ಮೆ ಇಂಥದ್ದೇ ಒಂದು ಡಿಸ್ಕನ್ನು ಒಂದು ಅಂಗಡಿಯಲ್ಲಿ ಫಾರ್ಮ್ಯಾಟ್ ಮಾಡಿ ಆಮೇಲೆ ನನ್ನ ಹತ್ತಿರ ತಂದಿದ್ದರು. ತೀರಿಕೊಂಡ ತಾಯಿಯ ಫೋಟೊ ಅದರಲ್ಲಿತ್ತು. ನನ್ನಿಂದ ತೆಗೆಯಲು ಆಗಲಿಲ್ಲ.

ಪ್ರಶ್ನೆ: ನಾನು ಚಿತ್ರದುರ್ಗದಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಕೋಟೆ ಮತ್ತು ಚಂದ್ರವಳ್ಳಿಯ ಶಾಸನಗಳ ಫೋಟೊಗಳು ಒಂದು ಎನ್‌ಟಿಎಫ್‌ಎಸ್ (ವಿಂಡೋಸ್‌ನ ಫೈಲ್ ಸಿಸ್ಟಂ) ಡಿಸ್ಕ್‌ನಲ್ಲಿವೆ. ಲಿನಕ್ಸ್ ಅಪ್‌ಗ್ರೇಡ್ ಆದಮೇಲೆ ಅದು ತೆರೆಯುತ್ತಿಲ್ಲ. ಕಾಲೇಜಿನ ವಿಂಡೋಸ್‌ನಲ್ಲಿ ಸರಿಯಾಗಿದೆ.

ಉತ್ತರ: ವಿಂಡೋಸ್‌ನಲ್ಲಿ ತೆರೆಯುತ್ತದೆ ಅಂದರೆ ಫೋಟೊಗಳು ಕ್ಷೇಮ. ಮೊದಲೆಲ್ಲ ಲಿನಕ್ಸ್‌ನಲ್ಲಿ ಇಂಥ ಡಿಸ್ಕ್ ತೆರೆಯುತ್ತಿದ್ದುದು ಎನ್‌ಟಿಎಫ್‌ಎಸ್-3ಜಿ ಎಂಬ ಪ್ರೋಗ್ರಾಂ. 2021ರಲ್ಲಿ ಬಂದ 5.15 ಕರ್ನಲ್‌ನಿಂದ ಎನ್‌ಟಿಎಫ್‌ಎಸ್3 ಎಂಬ ಡ್ರೈವರ್ ಕರ್ನಲ್ ಒಳಗೇ ಸೇರಿದೆ. ಇದು ಶಿಸ್ತಿನದು. ಡಿಸ್ಕನ್ನು ಸರಿಯಾಗಿ ತೆಗೆಯದೆ ಕಿತ್ತಿದ್ದರೆ ಅದರ ಮೇಲೆ 'ಡರ್ಟಿ' ಎಂಬ ಗುರುತು ಉಳಿಯುತ್ತದೆ. ಆ ಗುರುತು ಇದ್ದರೆ ಎನ್‌ಟಿಎಫ್‌ಎಸ್3 ಮೌಂಟ್ ಮಾಡಲ್ಲ. ಕರ್ನಲ್ ಮೆಸೇಜ್‌ಗಳಲ್ಲಿ 'ವಾಲ್ಯೂಮ್ ಈಸ್ ಡರ್ಟಿ' ಅಂತ ಇದೆಯಾ ನೋಡಿ.

ಇದ್ದರೆ ಫೋರ್ಸ್ ಕೊಟ್ಟು ತೆರೆಯಬೇಡಿ. ಅದೇ ವಿಂಡೋಸ್‌ನಲ್ಲಿ ಚೆಕ್‌ಡಿಸ್ಕ್ ಓಡಿಸಿ, ಎಜೆಕ್ಟ್ ಮಾಡಿ ತೆಗೆಯಿರಿ. ಲಿನಕ್ಸ್‌ನ ಎನ್‌ಟಿಎಫ್‌ಎಸ್‌ಫಿಕ್ಸ್‌ನಿಂದ ಆ ಗುರುತನ್ನು ಅಳಿಸಬಹುದು ನಿಜ. ಆದರೆ ಗುರುತು ಅಳಿಸುವುದು ಬೇರೆ, ಒಳಗಿನ ತಪ್ಪು ಸರಿಮಾಡುವುದು ಬೇರೆ. ಮತ್ತೆ ಹೋಗಿ ತೆಗೆಯಬಹುದಾದ ಫೋಟೊಗಳಾದರೂ ಈ ಅಪಾಯ ಬೇಡ.

ಪ್ರಶ್ನೆ: ಹರಿಹರದಿಂದ ಬರೆಯುತ್ತಿದ್ದೇನೆ. ಉಬುಂಟು ಅಪ್‌ಗ್ರೇಡ್ ನಡೆಯುವಾಗ ಕರೆಂಟ್ ಹೋಯ್ತು. ಈಗ ಬೂಟೇ ಆಗಲ್ಲ. 'ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್' ಅಂತ ನಿಲ್ಲುತ್ತದೆ.

ಉತ್ತರ: ಹೊಸ ಕರ್ನಲ್ ಬಂದಿದೆ, ಅದರ ಇನಿಟ್‌ರ್ಯಾಮ್‌ಎಫ್‌ಎಸ್ (ಬೂಟ್ ಶುರುವಾಗಲು ಬೇಕಾದ ಫೈಲ್) ತಯಾರಾಗುವ ಮೊದಲೇ ಕರೆಂಟ್ ಹೋಗಿದೆ. ಡಿಸ್ಕ್ ಓದಲು ಬೇಕಾದ ಮಾಡ್ಯೂಲ್‌ಗಳು ಅದರಲ್ಲೇ ಇರುವುದು. ಗ್ರಬ್‌ನಿಂದ ಹಳೆಯ ಕರ್ನಲ್ ಆರಿಸಿ ಒಳಗೆ ಹೋಗಿ. ಬೂಟ್ ಪಾರ್ಟಿಷನ್ ತುಂಬಿದೆಯಾ ನೋಡಿ. ತುಂಬಿದ್ದರೆ ತೀರಾ ಹಳೆಯ ಕರ್ನಲ್ ಒಂದನ್ನು ತೆಗೆಯಿರಿ, ಈಗ ಓಡುತ್ತಿರುವುದನ್ನಲ್ಲ. ಆಮೇಲೆ ಪ್ಯಾಕೇಜ್ ಹಾಕುವ ಡಿಪಿಕೆಜಿಗೆ ಕಾನ್ಫಿಗರ್ -ಎ ಕೊಟ್ಟು ಅರ್ಧಕ್ಕೆ ನಿಂತ ಕೆಲಸ ಮುಗಿಸಿ, ಅಪ್‌ಡೇಟ್-ಇನಿಟ್‌ರ್ಯಾಮ್‌ಎಫ್‌ಎಸ್ ಓಡಿಸಿ. ಓಡಿಸುವಾಗ ಹೊಸ ಕರ್ನಲ್‌ನ ನಂಬರನ್ನು ಕೊಡಲೇಬೇಕು, ಇಲ್ಲದಿದ್ದರೆ ಬೇರೆ ಕರ್ನಲ್‌ನದ್ದು ತಯಾರಾಗಬಹುದು. ಲ್ಯಾಪ್‌ಟಾಪ್ ಅಲ್ಲದಿದ್ದರೆ ಈ ಸಲ ಯುಪಿಎಸ್‌ಗೆ ಹಾಕಿಕೊಂಡೇ ಕೂತುಕೊಳ್ಳಿ.