ಮೂರು ಗೇಮ್‌ಗೆ ಮಾತ್ರ ದುಡ್ಡಿದೆ, ಯಾವ ಮೂರು?

ಪ್ರಶ್ನೆ: ಅಕ್ಕಾ, ನಾನು ಕಾಲೇಜಿನಲ್ಲಿ ಓದುತ್ತಿದ್ದೇನೆ. ಕೂಡಿಟ್ಟ ದುಡ್ಡಿಗೆ ಹೆಚ್ಚೆಂದರೆ ಮೂರು ಹಳೇ ಗೇಮ್ ಡೌನ್‌ಲೋಡ್ ಮಾಡಿಕೊಳ್ಳಬಹುದು. ಸಾಧಾರಣ ಲ್ಯಾಪ್‌ಟಾಪ್ ಇದೆ, ಒಂದು ಕಂಟ್ರೋಲರ್ ಇದೆ. ಪಟ್ಟಿ ಹೀಗಿದೆ: ಪ್ಯಾಕ್‌ಮ್ಯಾನ್, ಸೂಪರ್ ಮಾರಿಯೋ ಬ್ರದರ್ಸ್ 3, ಕಾಂಟ್ರಾ, ಸ್ಟ್ರೀಟ್ ಫೈಟರ್ 2, ಡೂಮ್, ಮಂಕಿ ಐಲೆಂಡ್, ಕ್ರೋನೋ ಟ್ರಿಗರ್. ಆಡುವುದು ಹೆಚ್ಚಾಗಿ ಒಬ್ಬನೇ. ಬಹಳ ದಿನ ಬಾಳಿಕೆ ಬರುವ ಮೂರನ್ನು ಆರಿಸಿಕೊಡಿ.

ಉತ್ತರ: ತಮ್ಮಾ, ನಿನ್ನ ಪಟ್ಟಿಯಲ್ಲಿ ಕೆಟ್ಟ ಗೇಮ್ ಒಂದೂ ಇಲ್ಲ, ಫಜೀತಿ ಇರುವುದೇ ಅಲ್ಲಿ. ‘ಚೆನ್ನಾಗಿದೆಯಾ’ ಎಂದು ಕೇಳುತ್ತಾ ಹೋದರೆ ಏಳಕ್ಕೂ ಹೌದು ಎನ್ನಬೇಕಾಗುತ್ತದೆ. ಕೈಯಲ್ಲಿ ಕಾಸು ಕಮ್ಮಿ ಇದ್ದಾಗ ನಾನು ಕೇಳುವ ಪ್ರಶ್ನೆಯೇ ಬೇರೆ: ಈ ಗೇಮ್ ತನ್ನ ಕಾಲದಲ್ಲಿ ದುಡ್ಡು ಸಂಪಾದಿಸುತ್ತಿದ್ದದ್ದು ಹೇಗೆ?

ಪ್ಯಾಕ್‌ಮ್ಯಾನ್ ತಗೋ. 1980ರಲ್ಲಿ ನಾಮ್ಕೋ ಕಂಪನಿಯ ತೋರು ಇವಾತಾನಿ ಮಾಡಿದ್ದು. ಅದು ನಾಣ್ಯ ಹಾಕಿ ಆಡುವ ಆರ್ಕೇಡ್ ಯಂತ್ರ. ನೀನು ಬೇಗ ಸತ್ತಷ್ಟೂ ಇನ್ನೊಂದು ನಾಣ್ಯ ಬೀಳುತ್ತದೆ, ಹಿಂದೆ ಸಾಲಿನಲ್ಲಿ ನಿಂತವನದೂ ಬೀಳುತ್ತದೆ. ಹಾಗಾಗಿ ಆಟದ ಮೈಕಟ್ಟೇ ಕೆಲವು ನಿಮಿಷಗಳದ್ದು. ಇಡೀ ಆಟ ಒಂದೇ ಜಟಿಲದಾರಿ, ಅದೇ ನಾಲ್ಕು ದೆವ್ವ; ಏರುವುದು ವೇಗ ಮಾತ್ರ. ಅದಕ್ಕೊಂದು ಮುಕ್ತಾಯವನ್ನೂ ಅವರು ಬರೆದಿರಲಿಲ್ಲ. 256ನೇ ಲೆವೆಲ್‌ಗೆ ಹೋದರೆ 255ರ ತನಕ ಮಾತ್ರ ಲೆಕ್ಕ ಇಡಬಲ್ಲ ಎಂಟು ಬಿಟ್ ಸಾಲದೆ ಅರ್ಧ ಪರದೆ ಅಕ್ಷರ, ಚಿಹ್ನೆಗಳ ಕಲಸುಮೇಲೋಗರವಾಗಿ ಆಟ ಅಲ್ಲೇ ಕೆಡುತ್ತದೆ. ಅಷ್ಟು ದೂರ ಯಾರಾದರೂ ಬಂದಾರು ಎಂಬ ಅಂದಾಜೇ ಇರಲಿಲ್ಲವೇನೋ! ಹತ್ತು ನಿಮಿಷ ಬಿಡುವಿದ್ದಾಗ ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ಆದರೆ ನಿನ್ನ ಮೂರರಲ್ಲಿ ಒಂದು ಜಾಗ ಇದಕ್ಕೆ ಕೊಡಬೇಡ.

ಆಮೇಲೆ ಮನೆಯಲ್ಲಿ ಆಡುವ ಕಾರ್ಟ್ರಿಡ್ಜ್‌ಗಳ ಕಾಲ ಬಂತು. ಅಲ್ಲಿ ದುಡ್ಡು ಒಂದೇ ಸಲ, ಅಂಗಡಿಯಲ್ಲಿ. ಕೊಂಡವನಿಗೆ ತಿಂಗಳುಗಟ್ಟಲೆ ಆಡಿದೆ ಅನ್ನಿಸಬೇಕು, ಆದರೆ ಒಳಗೆ ಜಾಗವೇ ಇಲ್ಲ. 1985ರ ಮೊದಲ ಸೂಪರ್ ಮಾರಿಯೋ ಬ್ರದರ್ಸ್ ಇಡೀ ಗೇಮ್ 40 ಕಿಲೋಬೈಟ್. ನಿನ್ನ ಫೋನಿನ ಒಂದು ಫೋಟೋ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಹೊಸ ಲೆವೆಲ್ ತುಂಬಲು ಆಗದಿದ್ದಾಗ ಉಳಿದ ಉಪಾಯ ಒಂದೇ, ಇರುವುದನ್ನೇ ಕಷ್ಟ ಮಾಡುವುದು. ಮೂರು ಜೀವ ಮುಗಿದರೆ ಮತ್ತೆ ಮೊದಲಿನಿಂದ. ಕಾಂಟ್ರಾ ಇದಕ್ಕೆ ತಕ್ಕ ಉದಾಹರಣೆ. ಮೇಲೆ, ಮೇಲೆ, ಕೆಳಗೆ, ಕೆಳಗೆ, ಎಡ, ಬಲ, ಎಡ, ಬಲ, ಬಿ, ಎ ಒತ್ತಿ ಮೂವತ್ತು ಜೀವ ಪಡೆಯುವ ಆ ಪ್ರಸಿದ್ಧ ಗುಟ್ಟು ಜನಪ್ರಿಯವಾದದ್ದೇ ಆ ಕಷ್ಟದಿಂದ. ಕೈ ಪಳಗಿದವರಿಗೆ ಅದು ಅರ್ಧ ಗಂಟೆಯ ಆಟ.

ಇಲ್ಲಿ ಇಂದಿನ ಗಿರಾಕಿ ಗಮನಿಸಬೇಕಾದ ಸಂಗತಿಯೊಂದಿದೆ. ಈಗ ಮಾರುವ ಮರುಬಿಡುಗಡೆಗಳಲ್ಲಿ ಬಹುಪಾಲು ಎಲ್ಲೆಂದರಲ್ಲಿ ಸೇವ್ ಮಾಡುವ ಸೌಲಭ್ಯ ಇರುತ್ತದೆ. ಸೇವ್ ಮಾಡಿಕೊಂಡು ಆಡಿದೆಯೋ, ಆ ಕಾಲದವರು ಕಷ್ಟ ಕೊಟ್ಟು ಎಳೆದಿದ್ದ ತಿಂಗಳುಗಳೆಲ್ಲ ಒಂದು ಸಂಜೆಗೆ ಮುಗಿದುಹೋಗುತ್ತವೆ. ಸೇವ್ ಮುಟ್ಟದೆ ಆಡುವ ಹಟ ನಿನಗಿದ್ದರೆ ಕಾಂಟ್ರಾ ಬಾಳಿಕೆ ಬರುತ್ತದೆ. ಇಲ್ಲದಿದ್ದರೆ ಬೇಡ. ನಿನ್ನ ಸ್ವಭಾವ ನಿನಗೇ ಗೊತ್ತು.

ಕಾಂಟ್ರಾ ಸಿಗುವುದು 2019ರ ಆ್ಯನಿವರ್ಸರಿ ಕಲೆಕ್ಷನ್‌ನಲ್ಲಿ. ‘ಹತ್ತು ಗೇಮ್’ ಎಂದು ನೋಡಿ ಹಿಗ್ಗಬೇಡ, ಬಿಡಿಸಿ ಎಣಿಸು. ಮೊದಲ ಕಾಂಟ್ರಾ ಆರ್ಕೇಡ್ ರೂಪದಲ್ಲೊಮ್ಮೆ, ಅಮೆರಿಕದ ಕಾರ್ಟ್ರಿಡ್ಜ್ ಆಗಿ ಒಮ್ಮೆ, ಜಪಾನಿನ ಕಾರ್ಟ್ರಿಡ್ಜ್ ಆಗಿ ಒಮ್ಮೆ ಕೂತಿದೆ. ಯುರೋಪಿನಲ್ಲಿ ಮನುಷ್ಯರ ಬದಲು ರೋಬಾಟ್ ಹಾಕಿ ಪ್ರೋಬೊಟೆಕ್ಟರ್ ಎಂದು ಮಾರಿದ ಆವೃತ್ತಿಗಳೂ ಲೆಕ್ಕಕ್ಕೆ ಸೇರಿವೆ. ಬೇರೆ ಬೇರೆ ಎನ್ನಬಹುದಾದವು ಐದು. ಸ್ಟ್ರೀಟ್ ಫೈಟರ್‌ನ 30ನೇ ವಾರ್ಷಿಕೋತ್ಸವದ ಸಂಗ್ರಹವೂ ಅಷ್ಟೇ: ಹನ್ನೆರಡರಲ್ಲಿ ಐದು ಸ್ಟ್ರೀಟ್ ಫೈಟರ್ 2ರ ಬೇರೆ ಬೇರೆ ಆವೃತ್ತಿಗಳೇ. ಆ ಗೇಮ್‌ನ ಜೀವ ಇರುವುದು ಪಕ್ಕದಲ್ಲಿ ಕೂತು ಕಿರುಚುವ ಎದುರಾಳಿಯಲ್ಲಿ. ಒಬ್ಬನೇ ಆಡುತ್ತೇನೆ ಎಂದಿದ್ದೀಯ, ಒಂದೇ ಕಂಟ್ರೋಲರ್ ಎಂದಿದ್ದೀಯ. ಬಿಟ್ಟುಬಿಡು.

ಮಾರಿಯೋ 3 ತಾನಾಗಿಯೇ ಪಟ್ಟಿಯಿಂದ ಹೊರಗೆ ಹೋಯಿತು. ನಿಂಟೆಂಡೊ ತನ್ನ ಹಳೇ ಗೇಮ್‌ಗಳನ್ನು ಲ್ಯಾಪ್‌ಟಾಪ್‌ಗೆ ಮಾರುವುದಿಲ್ಲ. ಗೇಮ್ ಹೆಸರು ಬರೆದುಕೊಳ್ಳುವ ಮುಂಚೆ ನಮ್ಮ ಯಂತ್ರಕ್ಕೆ ಅದು ಸಿಗುತ್ತದೆಯೇ ಎಂದು ನೋಡಿದರೆ ಅರ್ಧ ಪಟ್ಟಿ ಕರಗುತ್ತದೆ.

ಡೂಮ್‌ಗೆ ಸದ್ಯ ದುಡ್ಡು ಕೊಡಲೇಬೇಡ. 1993ರಲ್ಲಿ ಅದು ಮಾರಾಟವಾದ ಬಗೆಯೇ ಹಾಗೆ: ಮೊದಲ ಭಾಗ ಪುಕ್ಕಟೆ, ಹಿಡಿಸಿದರೆ ಉಳಿದದ್ದನ್ನು ಕೊಳ್ಳಿ. ಗುಟ್ಟಿನ ಲೆವೆಲ್ ಸೇರಿ ಒಂಬತ್ತು ಲೆವೆಲ್‌ಗಳ ಆ ಮೊದಲ ಭಾಗವನ್ನು ಇವತ್ತಿಗೂ ಪುಕ್ಕಟೆ ಆಡಬಹುದು. ನನ್ನ ಕೇಳಿದರೆ ಇಡೀ ಡೂಮ್‌ನಲ್ಲಿ ಅತಿ ಚೆಂದದ ಲೆವೆಲ್‌ಗಳೂ ಅವೇ. 1997ರಲ್ಲಿ ಅದನ್ನು ಮಾಡಿದ ಐಡಿ ಸಾಫ್ಟ್‌ವೇರ್‌ನವರು ಸೋರ್ಸ್ ಕೋಡನ್ನೂ (ಪ್ರೋಗ್ರಾಮಿನ ಮೂಲ ಬರಹ) ಬಿಟ್ಟುಕೊಟ್ಟಿದ್ದರಿಂದ ಯಾವ ಹಳೇ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ. ಅದು ಮುಗಿದ ಮೇಲೂ ಹಸಿವಿದ್ದರೆ ಫ್ರೀಡೂಮ್ ಎಂಬುದು ಇದೆ, ಚಿತ್ರ, ಶಬ್ದ, ಲೆವೆಲ್ ಎಲ್ಲವನ್ನೂ ಹೊಸದಾಗಿ ಮಾಡಿ ಉಚಿತವಾಗಿ ಹಂಚಿದ್ದು.

ಉಳಿದವು ಎರಡು. ಕ್ರೋನೋ ಟ್ರಿಗರ್ ಕಣ್ಣು ಮುಚ್ಚಿಕೊಂಡು ಕೊಳ್ಳು. ಕಥೆ ಹಿಡಿದು ಪಾತ್ರಗಳನ್ನು ಬೆಳೆಸುತ್ತಾ ಹೋಗುವ ಈ ಜಾತಿಯ ಆಟಗಳ ಹುಚ್ಚು ನನಗಿದೆ, ಪಕ್ಷಪಾತ ಇದೆ, ಒಪ್ಪುತ್ತೇನೆ. ಆದರೂ ಲೆಕ್ಕ ನೋಡು. 1995ರ ಹೊತ್ತಿಗೆ ಕಾರ್ಟ್ರಿಡ್ಜ್‌ಗಳಲ್ಲಿ ಜಾಗ ಇತ್ತು, ಬ್ಯಾಟರಿ ಇಟ್ಟು ಸೇವ್ ಮಾಡುವ ವ್ಯವಸ್ಥೆ ಇತ್ತು. ಆಟ ಉದ್ದವಾಗಲು ಕೊಲ್ಲಬೇಕಾಗಿರಲಿಲ್ಲ, ಕಥೆ ಬೆಳೆಸಿದರೆ ಸಾಕಿತ್ತು. ಮೊದಲ ಸಲ ಆಡಲು ಇಪ್ಪತ್ತು ಗಂಟೆಗೆ ಮೇಲೆ ಹಿಡಿಯುತ್ತದೆ. ಮುಗಿಸಿದ ಮೇಲೆ ಗಳಿಸಿದ ಶಕ್ತಿಯನ್ನೆಲ್ಲ ಇಟ್ಟುಕೊಂಡೇ ಮತ್ತೆ ಶುರು ಮಾಡಬಹುದು. ಕೊನೆಯ ಶತ್ರುವನ್ನು ಕಥೆಯ ಯಾವ ಘಟ್ಟದಲ್ಲಿ ಸೋಲಿಸುತ್ತೀಯ ಎಂಬುದರ ಮೇಲೆ ಮುಕ್ತಾಯ ಬದಲಾಗುತ್ತದೆ, ಅಂಥ ಮುಕ್ತಾಯಗಳು ಹತ್ತಕ್ಕೂ ಹೆಚ್ಚು. ಸುಮ್ಮನೆ ಅಲೆಯುವ ಹೊತ್ತನ್ನೂ ಅದು ಹಾಳು ಮಾಡುವುದಿಲ್ಲ. ಜಾತ್ರೆಯಲ್ಲಿ ನೀನು ಅಸಡ್ಡೆಯಿಂದ ಮಾಡಿದ್ದನ್ನೆಲ್ಲ ಆಮೇಲೆ ನ್ಯಾಯಾಲಯದಲ್ಲಿ ಎತ್ತಿ ಆಡುವ ದೃಶ್ಯವೊಂದಿದೆ, ಹೆಚ್ಚು ಹೇಳಿದರೆ ರುಚಿ ಕೆಡುತ್ತದೆ. 2018ರಲ್ಲಿ ಕಂಪ್ಯೂಟರ್‌ಗೆ ಬಂದಾಗ ಚಿತ್ರಗಳು ಕೆಟ್ಟಿವೆ ಎಂದು ಬೈಗುಳ ತಿಂದಿತ್ತು. ಅಪ್‌ಡೇಟ್‌ಗಳಲ್ಲಿ ಸರಿ ಮಾಡಿದ್ದಾರೆ, ಆಗಿನ ವಿಮರ್ಶೆ ಓದಿ ಹೆದರಬೇಡ.

ಮಂಕಿ ಐಲೆಂಡ್ ಎರಡನೆಯದು, ಒಂದು ಷರತ್ತಿನ ಮೇಲೆ. 1990ರ ಈ ಆಟದಲ್ಲಿ ನಾಯಕ ಸಾಯುವುದೇ ಇಲ್ಲ ಎನ್ನಬಹುದು. ಹತ್ತು ನಿಮಿಷ ಉಸಿರು ಕಟ್ಟಬಲ್ಲೆ ಎಂದು ಜಂಬ ಕೊಚ್ಚುವ ಅವನನ್ನು ನೀರಿನಡಿ ಹತ್ತು ನಿಮಿಷ ಬಿಟ್ಟರೆ ಮಾತ್ರ ಸತ್ತೇಹೋಗುತ್ತಾನೆ! ನಗೆ, ಮಾತು, ಒಗಟು, ಇದಿಷ್ಟೇ ಆಟ. ಒಗಟಿಗೆ ತಲೆ ಕೆಡಿಸಿಕೊಳ್ಳುವ ತಾಳ್ಮೆ ಇಲ್ಲದವರಿಗೆ ಎರಡೇ ದಿನಕ್ಕೆ ಬೇಜಾರು. ಆದ್ದರಿಂದ ಮೊದಲು ಬಿನೀತ್ ಎ ಸ್ಟೀಲ್ ಸ್ಕೈ ಆಡು. 1994ರ ಇದೇ ಜಾತಿಯ ಗೇಮ್, ಮಾಡಿದವರೇ 2003ರಲ್ಲಿ ಉಚಿತ ಮಾಡಿದ್ದಾರೆ, ಗಾಗ್ (GOG) ಎಂಬ ಆನ್‌ಲೈನ್ ಅಂಗಡಿಯಲ್ಲಿ ಸೊನ್ನೆ ಬೆಲೆಗೆ ಇದೆ. ಅದನ್ನು ಮುಗಿಸಿದೆಯಾದರೆ ಮಂಕಿ ಐಲೆಂಡ್‌ನ 2009ರ ಸ್ಪೆಷಲ್ ಎಡಿಷನ್ ಕೊಳ್ಳು. ಎಫ್10 ಒತ್ತಿದರೆ ಹೊಸ ಚಿತ್ರಗಳಿಂದ ಹಳೇ ಚಿತ್ರಗಳಿಗೆ ಹಾರುತ್ತದೆ, ಅದೇ ಒಂದು ಮೋಜು. ಅರ್ಧಕ್ಕೆ ಬಿಟ್ಟೆಯಾದರೆ ದುಡ್ಡು ಉಳಿಯಿತು.

ಮೂರನೆಯದನ್ನು ನಾನು ಹೇಳುವುದಿಲ್ಲ. ಆ ದುಡ್ಡು ಜೇಬಿನಲ್ಲೇ ಇರಲಿ. ಹಳೇ ಗೇಮ್‌ಗಳ ಬೆಲೆ ಆಗಾಗ ರಿಯಾಯಿತಿಯಲ್ಲಿ ಅರ್ಧಕ್ಕೂ ಕೆಳಗೆ ಬೀಳುತ್ತದೆ, ಕ್ರೋನೋ ಟ್ರಿಗರ್ ಮುಗಿಯುವ ಹೊತ್ತಿಗೆ ನಿನ್ನ ರುಚಿಯೂ ಬದಲಾಗಿರುತ್ತದೆ.

ಪ್ರಶ್ನೆ: ಮೇಡಂ, ಮೂವತ್ತು ವರ್ಷದ ಹಿಂದಿನ ಗೇಮ್‌ಗೆ ದುಡ್ಡು ಯಾಕೆ ಕೊಡಬೇಕು? ಹುಡುಕಿದರೆ ಹಳೇ ಕಾರ್ಟ್ರಿಡ್ಜ್‌ನ ನಕಲಾದ ರಾಮ್ (ROM) ಫೈಲ್ ಪುಕ್ಕಟೆ ಸಿಗುತ್ತದಲ್ಲ. ಯಾರಿಗೆ ನಷ್ಟ?

ಉತ್ತರ: ಹಳೆಯದಾದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ, ಮಾರಾಟ ನಿಂತ ಮಾತ್ರಕ್ಕೂ ಹೋಗುವುದಿಲ್ಲ. ಕಾಪಿರೈಟ್ ದಶಕಗಟ್ಟಲೆ ಇರುತ್ತದೆ. ನಿಮ್ಮ ಮಾತಿನಲ್ಲಿ ಒಂದು ನ್ಯಾಯ ಇದೆ ಎಂಬುದನ್ನೂ ಹೇಳಬೇಕು: ಅಮೆರಿಕದಲ್ಲಿ 2010ಕ್ಕೆ ಮುಂಚೆ ಬಂದ ಗೇಮ್‌ಗಳಲ್ಲಿ ಶೇ 87ರಷ್ಟು ಈಗ ಮಾರಾಟಕ್ಕೇ ಇಲ್ಲ ಎಂದು ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಲೆಕ್ಕ ಕೊಟ್ಟಿತು. ಕೊಳ್ಳಬೇಕೆಂದರೂ ಸಿಗದಂತೆ ಮಾಡಿದ ಕಂಪನಿಗಳ ಮೇಲೆ ನನಗೂ ಸಿಟ್ಟಿದೆ. ಆದರೆ ಮಾರುತ್ತಿರುವುದನ್ನೇ ಕದ್ದು ಇಳಿಸಿಕೊಂಡು ಆ ಸಿಟ್ಟಿನ ನೆಪ ಹೇಳುವುದು ಬೇರೆ. ಆ ತಾಣಗಳಲ್ಲಿ ಗೇಮ್ ಎಂದುಕೊಂಡು ವೈರಸ್ ಇಳಿಸಿಕೊಂಡವರ ಪತ್ರಗಳೂ ನನಗೆ ಬರುತ್ತವೆ.

ಪುಕ್ಕಟೆಯೇ ಬೇಕೆಂದರೆ ಒಡೆಯರೇ ಕೊಟ್ಟಿರುವವು ಒಬ್ಬ ಮನುಷ್ಯ ಆಡಿ ಮುಗಿಸಲಾರದಷ್ಟಿವೆ. 1998ರ ಸ್ಟಾರ್‌ಕ್ರಾಫ್ಟನ್ನು ಬ್ಲಿಜಾರ್ಡ್ 2017ರಲ್ಲಿ ಉಚಿತ ಮಾಡಿತು. ಬೆಥೆಸ್ಡಾದವರ ಅರೀನಾ ಮತ್ತು ಡ್ಯಾಗರ್‌ಫಾಲ್ ಉಚಿತ. ಡ್ಯಾಗರ್‌ಫಾಲ್‌ನ ನೆಲಮಾಳಿಗೆಗಳಲ್ಲಿ ದಾರಿ ತಪ್ಪಿದರೆ ವಾರ ಕಳೆದರೂ ಹೊರಗೆ ಬರಲಾಗದು, ಎಚ್ಚರ. ರೈಲು, ಬಸ್ಸು ಓಡಿಸಿ ಲಾಭ ಮಾಡುವ 1994ರ ಟ್ರಾನ್ಸ್‌ಪೋರ್ಟ್ ಟೈಕೂನ್ ಮಾದರಿಯಲ್ಲಿ ಉತ್ಸಾಹಿಗಳು ಕಟ್ಟಿದ ಓಪನ್‌ಟಿಟಿಡಿ ಇದೆ. ದೈಸುಕೆ ಅಮಾಯಾ ಎಂಬ ಒಬ್ಬನೇ ಮನುಷ್ಯ ಐದು ವರ್ಷ ಬಿಡುವಿನಲ್ಲಿ ಕೂತು ಮಾಡಿ 2004ರಲ್ಲಿ ಹಂಚಿದ ಕೇವ್ ಸ್ಟೋರಿ ಕಾಲದಿಂದ ಹಳತಲ್ಲ, ಆದರೆ ಮೈಯೆಲ್ಲ ಹಳೇ ಗೇಮ್‌ನದೇ. ಅದರ ಮೊದಲ ಆವೃತ್ತಿ ಈಗಲೂ ಉಚಿತ. ಇವನ್ನೆಲ್ಲ ಆಡಿ ಮುಗಿಸಿ, ಆಮೇಲೆ ರಾಮ್ ಫೈಲ್ ಜಗಳ ಆಡೋಣ.

ಪ್ರಶ್ನೆ: ನನ್ನ ಬಳಿ ನಿಂಟೆಂಡೊ ಸ್ವಿಚ್ ಇದೆ. ಹಳೇ ಗೇಮ್‌ಗಳಿಗೆ ಚಂದಾ ಕಟ್ಟುವುದು ಒಳ್ಳೆಯದೋ, ಒಂದೊಂದಾಗಿ ಕೊಳ್ಳುವುದೋ?

ಉತ್ತರ: ನಿಂಟೆಂಡೊದ ಸ್ವಂತ ಹಳೇ ಗೇಮ್‌ಗಳ ವಿಷಯದಲ್ಲಿ ಬಹುತೇಕ ಚಂದಾ ಬಿಟ್ಟರೆ ದಾರಿಯಿಲ್ಲ. ಹಿಂದೆ ವೀ ಯಂತ್ರದಲ್ಲಿ ಒಂದೊಂದನ್ನೇ ಮಾರುತ್ತಿದ್ದರು, ಆ ಅಂಗಡಿ 2019ರ ಜನವರಿಯಲ್ಲಿ ಬಾಗಿಲು ಹಾಕಿತು. ವೀ ಯು ಮತ್ತು 3ಡಿಎಸ್ ಅಂಗಡಿಗಳಲ್ಲಿ 2023ರ ಮಾರ್ಚ್‌ನಿಂದ ಏನೂ ಕೊಳ್ಳಲಾಗದು. ವರ್ಷಪೂರ್ತಿ ಕಟ್ಟುವ ಅಗತ್ಯವಿಲ್ಲ. ಒಂದು ತಿಂಗಳ ಚಂದಾ ಇದೆ. ರಜೆ ಇರುವ ತಿಂಗಳು ಕಟ್ಟಿ, ಮೂಲ ಚಂದಾದಲ್ಲೇ ಸಿಗುವ ಸೂಪರ್ ಮೆಟ್ರಾಯ್ಡ್, ಜೆಲ್ಡಾದ ಎ ಲಿಂಕ್ ಟು ದ ಪಾಸ್ಟ್ ಎರಡನ್ನು ಮುಗಿಸಿ, ನಿಲ್ಲಿಸಿ. ನಿಂಟೆಂಡೊ 64ರ ಗೇಮ್‌ಗಳಿರುವ ದುಬಾರಿ ಚಂದಾ ಆಮೇಲೆ ನೋಡಿದರಾಯಿತು. ತಾನಾಗಿ ನವೀಕರಣವಾಗುವ ಆಯ್ಕೆಯನ್ನು ಮೊದಲ ದಿನವೇ ಆಫ್ ಮಾಡಿ.

ಬೇರೆ ಕಂಪನಿಗಳವನ್ನು ಕೊಳ್ಳುವಾಗ, ಕಂಪ್ಯೂಟರ್ ಕೂಡ ಇದ್ದರೆ, ಸ್ವಿಚ್, ಕಂಪ್ಯೂಟರ್ ಎರಡಕ್ಕೂ ಸಿಗುವುದನ್ನು ಗಾಗ್‌ನಲ್ಲಿ ಕೊಳ್ಳಿ. ಇನ್‌ಸ್ಟಾಲರನ್ನೇ ಇಳಿಸಿ ಇಟ್ಟುಕೊಳ್ಳಬಹುದು, ಅಂಗಡಿ ಮುಚ್ಚಿದರೂ ಗೇಮ್ ನಿಮ್ಮದೇ. ಸ್ಟೀಮ್ ಎಂಬ ಇನ್ನೊಂದು ಆನ್‌ಲೈನ್ ಅಂಗಡಿಯಲ್ಲಿ ಕೊಂಡರೆ ಹದಿನಾಲ್ಕು ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ಆರ್ಕೇಡ್ ಗೇಮ್ ನಿಮಗೆ ಒಗ್ಗುತ್ತದೋ ಇಲ್ಲವೋ ತಿಳಿಯಲು ಎರಡು ಗಂಟೆ ಧಾರಾಳವಾಯಿತು.

ಪ್ರಶ್ನೆ: ಹೊಸದಾಗಿ ಕೊಂಡ ಹಳೇ ಗೇಮ್‌ನಲ್ಲಿ ಬಟನ್ ಒತ್ತಿದ ಮೇಲೆ ತುಸು ತಡವಾಗಿ ಜಿಗಿಯುತ್ತದೆ. ಗೇಮೇ ಹಾಗೋ?

ಉತ್ತರ: ಟಿವಿಯ ಸೆಟ್ಟಿಂಗ್‌ನಲ್ಲಿ ‘ಗೇಮ್ ಮೋಡ್’ ಹಾಕಿ ನೋಡಿ. ಚಿತ್ರವನ್ನು ಚೆಂದ ಮಾಡಲು ಟಿವಿ ತೆಗೆದುಕೊಳ್ಳುವ ಹೊತ್ತೇ ಬಹಳ ಸಲ ಆ ತಡ. ಇಡೀ ಆಟವೇ, ಸಂಗೀತವೂ ಸೇರಿ ನಿಧಾನ ಅನ್ನಿಸಿದರೆ ಅದು ಯುರೋಪಿನ ಆವೃತ್ತಿ ಇರಬಹುದು. ಅಲ್ಲಿನ ಟಿವಿ ಸೆಕೆಂಡಿಗೆ 50 ಸಲ ಚಿತ್ರ ಬದಲಿಸುತ್ತಿತ್ತು, ಜಪಾನ್, ಅಮೆರಿಕದಲ್ಲಿ 60. ಆಗ ಎಷ್ಟೋ ಗೇಮ್‌ಗಳನ್ನು ಹೊಂದಿಸದೆ ಹಾಗೇ ಬಿಟ್ಟಿದ್ದರಿಂದ ವೇಗ ಶೇ 17ರಷ್ಟು ಇಳಿದಿತ್ತು. ಸೋನಿಯ 2018ರ ಪ್ಲೇಸ್ಟೇಷನ್ ಕ್ಲಾಸಿಕ್‌ನಲ್ಲಿ ಕೂಡ ಕೆಲವು ಇಂಥವೇ ಇದ್ದವು. ಮೆನುವಿನಲ್ಲಿ ಪ್ರದೇಶ ಬದಲಿಸುವ ಆಯ್ಕೆ ಇದೆಯೇ ಹುಡುಕಿ.

ಪ್ರಶ್ನೆ: ಮೇಡಂ, ಹತ್ತು ವರ್ಷದ ಮಗಳು, ಆರು ವರ್ಷದ ಮಗ. ಇಬ್ಬರೂ ಒಟ್ಟಿಗೆ ಆಡಬೇಕು, ಜಗಳ ಆಗಬಾರದು. ಒಂದೇ ಒಂದು ಗೇಮ್ ಹೇಳಿ.

ಉತ್ತರ: 1992ರ ಸೋನಿಕ್ 2. ಈಗ ಸೋನಿಕ್ ಒರಿಜಿನ್ಸ್ ಎಂಬ ಸಂಗ್ರಹದಲ್ಲಿ ಸಿಗುತ್ತದೆ. ಮಗಳಿಗೆ ಸೋನಿಕ್ ಕೊಡಿ, ಮಗನಿಗೆ ಹಿಂದೆ ಓಡುವ ಟೇಲ್ಸ್ ನರಿ. ಟೇಲ್ಸ್ ಎಷ್ಟು ಸಲ ಸತ್ತರೂ ಜೀವ ಖರ್ಚಾಗದು, ಹಾರಿಕೊಂಡು ವಾಪಸ್ ಬರುತ್ತಾನೆ. ಹಿಂದೆ ಬಿದ್ದರೂ ಅಕ್ಕನ ಆಟ ನಿಲ್ಲುವುದಿಲ್ಲ, ಅವನು ಹೊಡೆದ ಏಟೂ ಶತ್ರುವಿಗೆ ತಗಲುತ್ತದೆ. ಜಗಳವೇ ಆಗದು ಎಂಬ ಭರವಸೆ ಮಾತ್ರ ಕೊಡಲಾರೆ, ಏಕೆಂದರೆ ತಮ್ಮನೂ ಒಂದು ದಿನ ಸೋನಿಕ್ ಬೇಕು ಅನ್ನುತ್ತಾನೆ.